ಕುಲುಮೆ ಬೂದಿಯ ವರ್ಷ

ಠಪ್. ಆಮೇಲೆ ಕರ್ರ್ ಅಂತ ಏನೋ ಸೀಳುವ ಸದ್ದು. ಮತ್ತೆ ಠಪ್.

ಶೆಟ್ಟಿಹಳ್ಳಿಯ ನನ್ನ ಮನೆಯ ಹಿಂದಿನ ಗೋಡೆಯಾಚೆ ಮೊದಲ ಸಲ ಅದನ್ನು ಕೇಳಿದಾಗ ಯಾರೋ ತೆಂಗಿನಕಾಯಿ ಒಡೆಯುತ್ತಿದ್ದಾರೆ ಅಂದುಕೊಂಡಿದ್ದೆ. ಬೇಸಿಗೆ. ಕರೆಂಟ್ ಹೋಗಿ ಫ್ಯಾನ್ ನಿಂತಾಗಲೆಲ್ಲ ಸದ್ದು ಇನ್ನೂ ಹತ್ತಿರವಾಗುತ್ತಿತ್ತು. ದಿನಾ ಇಷ್ಟೊಂದು ಕಾಯಿ ಒಡೆಸಿಕೊಳ್ಳುವ ದೇವರು ಯಾವುದಪ್ಪಾ ಅಂತ ಒಂದು ಬೆಳಗ್ಗೆ ಸ್ಟೂಲ್ ಹಾಕಿಕೊಂಡು ಗೋಡೆಯ ಮೇಲಿಂದ ಇಣುಕಿದೆ. ಕಾಯಲ್ಲ, ಬ್ಯಾಟರಿ. ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತು ಕೊಡಲಿಯಿಂದ ಕಪ್ಪು ಬ್ಯಾಟರಿಗಳ ತಲೆ ಸೀಳಿ, ಒಳಗಿನ ಹುಳಿನೀರನ್ನು ಮೋರಿಗೆ ಚೆಲ್ಲಿ, ಬೂದುಬಣ್ಣದ ಪ್ಲೇಟುಗಳನ್ನು ಕಿತ್ತು ರಾಶಿ ಹಾಕುತ್ತಿದ್ದ. ಪಕ್ಕದಲ್ಲಿ ಇದ್ದಿಲಿನ ಕುಲುಮೆ. ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಕರಗಿದ ಸೀಸ, ಬೆಳದಿಂಗಳ ಹಾಗೆ ಮಿನುಗುತ್ತಾ. ಇಟ್ ವಾಸ್ ಬ್ಯೂಟಿಫುಲ್, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಇದೆಲ್ಲ ಮತ್ತೆ ಎದ್ದು ಬಂತು. ನಾನೀಗ ಯಲಹಂಕದಲ್ಲಿ ತಂಗಿಯ ಮಗಳ ಫ್ಲಾಟಿನಲ್ಲಿದ್ದೇನೆ. ಅವಳು ಪಾತ್ರೆ ತಿಕ್ಕಲು ಒಂದು ಪ್ಯಾಕೆಟ್ ತರಿಸಿದ್ದಳು. "ಪ್ಯೂರ್ ವುಡ್ ಆಶ್ ದೊಡ್ಡಮ್ಮ, ನೋ ಕೆಮಿಕಲ್ಸ್" ಅಂತ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಬೂದಿ ಸೇರಿಸಿ ಹಚ್ಚಿದಳು. ಒದ್ದೆ ಬೂದಿಯ ಆ ವಾಸನೆ. ನಾನು ದೀಪವನ್ನು ಮುಟ್ಟಿಯೂ ಇರಲಿಲ್ಲ. ಆದರೂ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ.

ಏರ್‌ಪೋರ್ಟು ದೇವನಹಳ್ಳಿ ಕಡೆಗೆ ಹೋಗಿ ಎರಡು ಮೂರು ವರ್ಷವಾಗಿತ್ತು ಆಗ. ನಮ್ಮ ಕಡೆ ಮನೆಗಳು ಅಣಬೆ ಎದ್ದ ಹಾಗೆ ಎದ್ದಿದ್ದವು, ಕರೆಂಟು ಮಾತ್ರ ಹಳೇ ಹಳ್ಳಿಯಷ್ಟೇ. ಹಾಗಾಗಿ ಎಲ್ಲರ ಮನೆಗೂ ಇನ್ವರ್ಟರ್ ಬಂತು, ನನ್ನ ಮನೆಗೂ. ಸತ್ತ ಬ್ಯಾಟರಿಗಳು ಗುಜರಿ ಗಾಡಿ ಹತ್ತಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಚೀಲದಲ್ಲಿ ಮುನಿಕೃಷ್ಣನ ಹಟ್ಟಿಗೆ ವಾಪಸು ಬರುತ್ತಿದ್ದವು. ಮುನಿಕೃಷ್ಣ ಅಂದರೆ ಆ ಕೊಡಲಿಯವನು. ಅವನ ಅಪ್ಪನ ರಾಗಿಹೊಲದ ಮೇಲೇ ನಮ್ಮ ಲೇಔಟ್ ನಿಂತಿದ್ದು. ಹೊಲ ಹೋಯಿತು, ಆಮೇಲೆ ಹಸುಗಳೂ ಹೋದವು. ಉಳಿದ ಖಾಲಿ ಕೊಟ್ಟಿಗೆಯ ಪಕ್ಕ ಅವನು ಈ ಕುಲುಮೆ ಹೂಡಿದ್ದ.

ಆ ಮನೆಯಲ್ಲಿ ಅವನ ತಾಯಿ ಚಿಕ್ಕತಾಯಮ್ಮ, ಹೆಂಡತಿ ಭಾಗ್ಯ, ಮತ್ತೆ ನಾಲ್ಕು ವರ್ಷ ದಾಟಿದ ಮಗಳು ಸಿಂಚನ. ಆ ವರ್ಷದ ಕಥೆ ಅಂದರೆ ಸಿಂಚನಳ ಮಾತಿನ ಕಥೆ. ಬೇಸಿಗೆಯಲ್ಲಿ ಅದು ಹೇಗಿತ್ತು, ಗೌರಿ ಹಬ್ಬದ ಹೊತ್ತಿಗೆ ಏನಾಯಿತು, ಅಷ್ಟೇ.

ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಫೋನ್ ಕರೆ ಜೋಡಿಸುವ ಆಪರೇಟರ್ ಆಗಿದ್ದವಳು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷೇ ಆ ಕೆಲಸ ಕೊಡಿಸಿದ್ದು. ಮದುವೆಯಾಗಲಿಲ್ಲ. ಕಿವಿಯೇ ನನ್ನ ಹೊಟ್ಟೆಪಾಡು. ರಿಟೈರ್ ಆದ ದಿನ ಸ್ನೇಹಿತೆಯರು ವೈರ್ ಕತ್ತರಿಸಿದ ಹಳೇ ಕಪ್ಪು ಫೋನೊಂದನ್ನು ತಮಾಷೆಗೆ ಪ್ರೆಸೆಂಟ್ ಮಾಡಿದ್ದರು. ಅದು ಹಾಲ್‌ನ ಟೀಪಾಯಿ ಮೇಲಿತ್ತು. ಭಾಗ್ಯ ಒಂದು ದಿನ ಮಗಳ ಕೈ ಹಿಡಿದು ಬಂದು, "ಆಂಟಿ, ಇವ್ಳಿಗೆ ಸ್ವಲ್ಪ ಇಂಗ್ಲಿಷ್ ಹೇಳ್ಕೊಡ್ತೀರಾ? ಜನವರೀಲಿ ಕಾನ್ವೆಂಟ್ ಇಂಟರ್‌ವ್ಯೂ ಇದೆ. ನಂಗಂತೂ ಎಸ್ ನೋ ಬಿಟ್ರೆ ಏನೂ ಬರಲ್ಲ" ಅಂದಳು. ಅವಳ ಮಾತು ಮುಗಿಯುವುದರೊಳಗೆ ಮಗು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಾಗಿತ್ತು.

"ಏನಂತ ಹೇಳ್ಬೇಕು ಅಜ್ಜಿ?"

"ನಂಬರ್ ಪ್ಲೀಸ್ ಅನ್ನು."

ಅಲ್ಲಿಗೆ ಮುಗಿಯಿತು. ಅಂದಿನಿಂದ ದಿನಾ ಬಂದು ಎಕ್ಸ್‌ಚೇಂಜ್ ನಡೆಸುವುದೇ ಅವಳ ಕೆಲಸ. ನಾನು ಅಡುಗೆಮನೆಯಿಂದ ಸೌಟು ಕಿವಿಗಿಟ್ಟುಕೊಂಡು, "ದೇವಲೋಕಕ್ಕೆ ಒಂದು ಟ್ರಂಕ್ ಕಾಲ್ ಬುಕ್ ಮಾಡಮ್ಮ" ಅನ್ನುತ್ತಿದ್ದೆ.

"ದೇವಲೋಕ ಬ್ಯುಸಿ ಇದೆ ಅಜ್ಜಿ, ಆಮೇಲೆ ಮಾಡಿ."

"ಯಾಕಮ್ಮ ಬ್ಯುಸಿ?"

"ಅಲ್ಲೂ ಕರೆಂಟ್ ಹೋಗಿದೆ. ದೇವ್ರು ಕತ್ಲಲ್ಲಿ ಫೋನ್ ಹುಡುಕ್ತಾ ಇದಾನೆ."

ಇಷ್ಟು ಉದ್ದದ ವಾಕ್ಯಗಳು. ನಾಲ್ಕು ವರ್ಷದ ಕೂಸು. ಆಪಲ್, ಬಾಲ್, ಕ್ಯಾಟ್ ಎಲ್ಲ ಎರಡೇ ವಾರದಲ್ಲಿ ಕಲಿತು, ಉಳಿದ ಹೊತ್ತು ನನಗೇ ಪಾಠ ಹೇಳುತ್ತಿದ್ದಳು.

ಮುನಿಕೃಷ್ಣ ಜೋಪಾನದ ತಂದೆ. ಅದನ್ನು ಹೇಳಲೇಬೇಕು. ಹೊಗೆ ಒಳ್ಳೆಯದಲ್ಲ, ಹುಳಿನೀರು ಮೈ ಸುಡುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಕುಲುಮೆಗೂ ಮನೆಗೂ ನಡುವೆ ತಗಡಿನ ಬಾಗಿಲು ಮಾಡಿ ಚಿಲಕವನ್ನು ಮಗುವಿಗೆ ಸಿಗದಷ್ಟು ಮೇಲೆ ಹಾಕಿಸಿದ್ದ. ಕೆಲಸ ಮುಗಿದ ಮೇಲೆ ನಲ್ಲಿಯಡಿ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು ಬೇರೆ ಲುಂಗಿ ಉಟ್ಟ ಮೇಲೇ ಮಗಳನ್ನು ಎತ್ತಿಕೊಳ್ಳುತ್ತಿದ್ದ. ಬಾಗಿಲ ಆಚೆ ಅಪಾಯ, ಈಚೆ ಮನೆ. ಅವನ ಲೆಕ್ಕ ಅದು.

ಆ ಬಾಗಿಲು ದಾಟಿ ಬರುತ್ತಿದ್ದದ್ದು ಒಂದೇ ಒಂದು ವಸ್ತು. ಬೂದಿ.

ಚಿಕ್ಕತಾಯಮ್ಮನ ಬಾಯಲ್ಲಿ ಆ ವಯಸ್ಸಿಗೂ ಒಂದು ಹಲ್ಲು ಅಲ್ಲಾಡಿರಲಿಲ್ಲ. ನನ್ನದು ಪೂರ್ತಿ ಡೆಂಚರ್. ಒಂದು ಬೆಳಗ್ಗೆ ನಾನು ಹಿತ್ತಲ ನಲ್ಲಿಯಲ್ಲಿ ಅದನ್ನು ತೊಳೆಯುವುದು ಗೋಡೆಯಾಚೆ ಕಲ್ಲು ಹತ್ತಿ ನಿಂತಾಗ ಕಂಡು ಅವಳು ನಕ್ಕಿದ್ದೇ ನಕ್ಕಿದ್ದು.

"ಅಯ್ಯೋ ಫೋನಮ್ಮೋರೆ! ಅಲ್ಲು ಕೈಗೇ ಬಂದ್ಬುಡ್ತಾ? ನೋಡಿ, ಪೇಸ್ಟು ಬ್ರಶ್ಶು ಅಂದ್ಕೊಂಡು ಇಂಗಾಗದೆ. ಬೂದೀಲಿ ಉಜ್ಜಿದ್ರೆ ಸುಡುಗಾಡಿಗೂ ಅಲ್ಲು ಜತೇಲಿ ಬತ್ತವೆ."

"ನನ್ನ ಹಲ್ಲು ನಾನು ಹೇಳಿದ ಮಾತು ಕೇಳುತ್ತೆ ಚಿಕ್ಕತಾಯಮ್ಮ, ರಾತ್ರಿ ಲೋಟದಲ್ಲಿ ಇಟ್ಟರೆ ಗಪ್‌ಚಿಪ್ ಮಲಗಿರುತ್ತೆ" ಅಂದೆ. ಅವಳಿಗೆ ಕೆಮ್ಮು ಬರುವಷ್ಟು ನಗು.

ಹಸುಗಳಿದ್ದ ಕಾಲದಲ್ಲಿ ಆ ಮನೆಯಲ್ಲಿ ಬೆರಣಿಯ ಬೂದಿ, ಹಂಡೆ ಒಲೆಯ ಬೂದಿ ಇರುತ್ತಿತ್ತು. ಪಾತ್ರೆಗೂ ಅದೇ, ಹಲ್ಲಿಗೂ ಅದೇ. ಹಸು ಹೋಗಿ, ಗ್ಯಾಸ್ ಬಂದು, ಸ್ವಲ್ಪ ಕಾಲ ಅವಳಿಗೆ ಬೂದಿಯೇ ಸಿಕ್ಕಿರಲಿಲ್ಲವಂತೆ. ಮಗ ಕುಲುಮೆ ಹೂಡಿದ್ದೇ ಮತ್ತೆ ಬೂದಿಗೆ ಬರವಿಲ್ಲ. ಬೆಳಗ್ಗೆ ಹೊತ್ತು ಹಟ್ಟಿಯ ಕಲ್ಲಿನ ಮೇಲೆ ಮೊಮ್ಮಗಳನ್ನು ತೊಡೆಯ ನಡುವೆ ನಿಲ್ಲಿಸಿಕೊಂಡು, ಬೆರಳಿಗೆ ಬೂದಿ ಅದ್ದಿ, "ಆ ಅನ್ನು, ಈ ಅನ್ನು" ಅಂತ ಒಂದೊಂದೇ ಹಲ್ಲು ಉಜ್ಜುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಮಹಡಿಯಿಂದ ನೋಡುತ್ತಿದ್ದೆ. ಒಂದು ಪೇಂಟಿಂಗ್ ಥರ ಇರುತ್ತಿತ್ತು.

ಮಳೆ ಹಿಡಿಯಿತು. ಬಯಲಲ್ಲಿದ್ದ ಕುಲುಮೆ ಕೊಟ್ಟಿಗೆಯ ಶೀಟಿನ ಕೆಳಗೆ ಸರಿಯಿತು. ಹೊಗೆ ಮೇಲೇಳದೆ ನೆಲದ ಮೇಲೇ ಹರಿದಾಡುತ್ತಿತ್ತು. ಲೇಔಟಿನವರು ಜಗಳವಾಡಿ ಹೋದರು, ನಾನೂ ಮುನಿಕೃಷ್ಣನಿಗೆ ಹೇಳಿದೆ. "ಮಳೆ ಮುಗೀಲಿ ಮೇಡಂ, ಬಾಗಲೂರು ಕಡೆ ಜಾಗ ನೋಡ್ತಾ ಇದೀನಿ" ಅಂದ. ಅವನ ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸಣ್ಣದಕ್ಕೆಲ್ಲ ರೇಗುತ್ತಿದ್ದ. ಕುಡಿಯುತ್ತಾನೆ ಅಂತ ಜನ ಆಡಿಕೊಂಡರು. ಅವನು ಕುಡಿಯುತ್ತಿರಲಿಲ್ಲ.

ಸಿಂಚನಳಿಗೆ ಹೊಟ್ಟೆನೋವು ಶುರುವಾಯಿತು. ಊಟ ಸೇರದು. ಗೋಡೆಯ ಸುಣ್ಣ ಕೆರೆದು ನೆಕ್ಕುವಳು. ಜಂತುಹುಳದ ಮಾತ್ರೆ ಕೊಟ್ಟರು. ಅಂಗನವಾಡಿಯಲ್ಲಿ ಒಂದು ಮಗುವಿನ ಕೈ ಕಚ್ಚಿದಳು. ನನ್ನ ಮನೆಗೆ ಬಂದವಳು ರಿಸೀವರ್ ಎತ್ತಿ, "ದೇವಲೋಕ ಬ್ಯುಸಿ" ಅಂದು ನಿಲ್ಲಿಸಿದಳು. ಯಾಕೆ ಬ್ಯುಸಿ ಅಂದರೆ ನನ್ನ ಮುಖವನ್ನೇ ನೋಡಿದಳು. ಕೆಲವು ದಿನಕ್ಕೆ ದೇವಲೋಕವೂ ಹೋಗಿ ಬರೀ "ಬ್ಯುಸಿ" ಉಳಿಯಿತು. ದೂರದ ಲೈನು ಒಂದೇ ಸಲ ಸಾಯುವುದಿಲ್ಲ, ಅದು ನನಗೆ ಗೊತ್ತಿದ್ದ ವಿದ್ಯೆ. ಮೊದಲು ವಾಕ್ಯದ ಬಾಲ ಕತ್ತರಿಸುತ್ತದೆ, ಆಮೇಲೆ ನಡುವಿನ ಮಾತು, ಕೊನೆಗೆ ಉಸಿರು ಮಾತ್ರ ಕೇಳುತ್ತದೆ. ಆಪರೇಟರ್ ಆಗಿ ಎಷ್ಟು ಸಲ "ಹಲೋ, ಹಲೋ, ಡೋಂಟ್ ಹ್ಯಾಂಗ್ ಅಪ್" ಅಂತ ಕೂಗಿಲ್ಲ ನಾನು.

"ಭಾಗ್ಯ, ಮಗು ಮಾತು ಕಮ್ಮಿ ಆಗ್ತಿದೆ ಕಣಮ್ಮ. ದೊಡ್ಡ ಆಸ್ಪತ್ರೆಗೆ ತೋರಿಸು."

"ಹಠ ಆಂಟಿ. ನಂಗೂ ಹಾಗೇ ಮಾಡ್ತಾಳೆ. ಕರೆದ್ರೆ ಕಿವೀನೇ ಕೇಳ್ಸಲ್ಲ ಅನ್ನೋ ಥರ."

ಚಿಕ್ಕತಾಯಮ್ಮ ಅಲ್ಲೇ ಇದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ್ದೋ ಕಣ್ಣು ಬಿದ್ದದೆ. ಮಗೀನ ಮಾತ್ನ ಬಾಯಿಬಿಟ್ಕೊಂಡು ಕೇಳ್ತಾರಲ್ಲ, ಇನ್ನೇನಾಯ್ತದೆ" ಅಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಕೊರಳಿಗೆ ತಾಯತ ಕಟ್ಟಿಸಿದರು. ಹೊಟ್ಟೆ ತಣ್ಣಗಿರಲಿ ಅಂತ ಬಾಯಿ ಇನ್ನಷ್ಟು ಶುದ್ಧ ಮಾಡಿದರು. ಈಗ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಬೂದಿ.

ಗೌರಿ ಹಬ್ಬದ ಹಿಂದಿನ ದಿನ. ಮಳೆ ನಿಂತು ಬಿಸಿಲು ಬಂದಿತ್ತು. ಹಟ್ಟಿಯ ತುಂಬ ಹಿತ್ತಾಳೆ, ತಾಮ್ರ ಹರಡಿಕೊಂಡು ಅತ್ತೆ ಸೊಸೆ ಬೂದಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಸಿಂಚನ ಮೊಣಕೈವರೆಗೆ ಬೂದಿ ಮಾಡಿಕೊಂಡು ಒಂದು ಪುಟ್ಟ ಚೊಂಬು ಉಜ್ಜುತ್ತಿದ್ದಳು. ಚೊಂಬು ಕಲ್ಲಿಗೆ ಬಿದ್ದ ಸದ್ದು ನನಗೆ ಕೇಳಿತು. ಆಮೇಲೆ ಭಾಗ್ಯಳ ಕೂಗು. ನಾನು ಓಡಿಹೋಗಿ ನೋಡಿದಾಗ ಮಗುವಿನ ಮೈ ಬಿಲ್ಲಾಗಿತ್ತು, ಕಣ್ಣು ಮೇಲೆ. ಯಾರೋ ಕೈಗೆ ಕಬ್ಬಿಣ ಕೊಡಿ ಅಂದರು. ನಾನು ಆಟೋ ನಿಲ್ಲಿಸಿದೆ.

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನ ಡಾಕ್ಟರಮ್ಮ ತುಂಬ ಚಿಕ್ಕ ವಯಸ್ಸಿನವಳು. ಫಿಟ್ಸ್ ನಿಲ್ಲಿಸಿ, ಕಣ್ಣಿನ ರೆಪ್ಪೆ ಬಿಡಿಸಿ ರಕ್ತ ಎಷ್ಟು ಬಿಳಿಚಿದೆ ನೋಡಿ, ತುಟಿ ಎತ್ತಿ ವಸಡು ನೋಡಿದಳು. ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ. "ಅಪ್ಪ ಏನ್ ಕೆಲಸ ಮಾಡ್ತಾರೆ?" ಅಂತ ಕೇಳಿದಳು. ಮುನಿಕೃಷ್ಣ ಹೇಳಿದ. ರಕ್ತ ಪರೀಕ್ಷೆಗೆ ಹೋಯಿತು. ಹಬ್ಬವೆಲ್ಲ ಕಳೆದ ಮೇಲೆ ಉತ್ತರ ಬಂತು. ಸೀಸ. ಒಂದು ಮಗುವಿನ ರಕ್ತದಲ್ಲಿ ಇರಬಾರದಷ್ಟು ಸೀಸ.

"ಹೊಗೆಯಿಂದ ಸ್ವಲ್ಪ ಬರುತ್ತೆ, ಆದ್ರೆ ಇಷ್ಟು ಬರಲ್ಲ. ಬಾಯಿಗೆ ಏನೋ ಹೋಗ್ತಿದೆ. ಕುಲುಮೆ ಹತ್ರ ಆಡ್ತಾಳಾ?"

"ಇಲ್ಲ ಮೇಡಂ, ಆಣೆ ಮಾಡ್ತೀನಿ. ಚಿಲಕ ಹಾಕಿರ್ತೀನಿ" ಅಂದ ಮುನಿಕೃಷ್ಣ.

ಡಾಕ್ಟರಮ್ಮ ಒಂದೊಂದೇ ಕೇಳುತ್ತಾ ಹೋದಳು. ನೀರು ಎಲ್ಲಿಂದ? ಅಡುಗೆ ಯಾವ ಪಾತ್ರೇಲಿ? ಕಾಡಿಗೆ ಹಚ್ತೀರಾ? ಹಲ್ಲು ಯಾವುದರಲ್ಲಿ ಉಜ್ತೀರಾ?

"ಬೂದೀಲಿ" ಅಂದಳು ಭಾಗ್ಯ. "ಅತ್ತೆ ಉಜ್ತಾರೆ."

"ಯಾವ ಬೂದಿ?"

ಚಿಕ್ಕತಾಯಮ್ಮ ಗೋಡೆಗೊರಗಿ ನಿಂತಿದ್ದವಳು ಮುಂದೆ ಬಂದಳು. ಅವಳಿಗೆ ಅದು ಗೊತ್ತಿದ್ದ ವಿಷಯ, ಡಾಕ್ಟರರೇ ಕೇಳುತ್ತಿದ್ದಾರೆ. "ಕುಲುಮೇದು ಕಣ್ ತಾಯಿ. ಅಂಗಂಗೇ ಆಕಾಕಿಲ್ಲ. ತಣ್ಣಗಾದ್ಮೇಲೆ ತಕ್ಕೊಂಡು, ಹಳೇ ಪಂಚೇಲಿ ಸೋಸಿ, ನುಣ್ಣಗೆ, ಒಂದ್ ಕಲ್ಲೂ ಇಲ್ದಂಗೆ... ಉಪ್ಪು, ಲವಂಗದ ಪುಡಿ ಆಕಿ... ಮಗೀಗೆ ಉರೀಬಾರ್ದು ಅಂತ ಇನ್ನೊಂದ್ ಸಲ ಸೋಸಿ..."

ಡಾಕ್ಟರಮ್ಮ ತಡೆಯಲಿಲ್ಲ. ಮುನಿಕೃಷ್ಣ ತಲೆ ತಗ್ಗಿಸಿದ. ಚಿಕ್ಕತಾಯಮ್ಮನ ದನಿ ತಾನಾಗಿಯೇ ಸಣ್ಣಗಾಗುತ್ತಾ ಹೋಯಿತು. "ಬೆಂಕಿ ಮುಟ್ಟಿದ್ದು ತಾಯಿ ಅದು" ಅಂದಳು ಕೊನೆಗೆ. "ಬೆಂಕಿ ಮುಟ್ಟಿದ್ದಕ್ಕೆ ಮೈಲಿಗೆ ಇಲ್ವಲ್ಲ."

ಸೀಸ ಒಳಗೆ ಹೋದರೆ ಮಗುವಿನ ಮೈ ಅದನ್ನು ಸುಣ್ಣದಂಶ ಅಂದುಕೊಂಡು ಬರಮಾಡಿಕೊಳ್ಳುತ್ತದಂತೆ, ಎಲುಬಿಗೂ ಕಳಿಸುತ್ತದೆ, ಮಿದುಳಿಗೂ ಕಳಿಸುತ್ತದೆ. ಡಾಕ್ಟರಮ್ಮ ಹೇಳುತ್ತಿದ್ದರೆ ನನಗೆ ನಮ್ಮ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡ್ ಕಣ್ಣಿಗೆ ಕಟ್ಟಿತು. ಸಾಲು ಸಾಲು ತೂತುಗಳು, ಒಂದೊಂದಕ್ಕೂ ಅದರದ್ದೇ ಪಿನ್. ಯಾರೋ ತಪ್ಪು ಪಿನ್‌ಗಳನ್ನು ಎಲ್ಲ ತೂತಿಗೂ ಜಡಿದು ಹೋದರೆ ಕರೆ ಬಂದರೂ ಎಲ್ಲಿಗೆ ಸೇರಿಸುವುದು.

"ನಮ್ಮತ್ತೇನೂ ಅದ್ರಲ್ಲೇ ಉಜ್ಜೋದು, ಅವ್ರಿಗೆ ಏನೂ ಆಗಿಲ್ವಲ್ಲ?" ಅಂತ ಭಾಗ್ಯ ಕೇಳಿದಳು.

"ಅವ್ರಿಗೂ ಆಗಿರುತ್ತೆ, ಪರೀಕ್ಷೆ ಮಾಡೋಣ. ಆದ್ರೆ ಅವರದು ಕಟ್ಟಿ ಮುಗಿದ ಮನೆ. ಇವಳದು ಇನ್ನೂ ಕಟ್ತಾ ಇರೋದು. ಔಷಧಿ ಕೊಟ್ಟು ರಕ್ತದಲ್ಲಿರೋದನ್ನ ತೆಗೀತೀವಿ."

"ಮಾತು?"

"ಸ್ವಲ್ಪ ಬರಬಹುದು. ಪೂರ್ತಿ ಬರುತ್ತೆ ಅಂತ ನಾನು ಹೇಳಲಾರೆ."

ಮುನಿಕೃಷ್ಣ ಅಂದೇ ಮನೆಗೆ ಬಂದು ಕುಲುಮೆ ಒಡೆದ. ಅದೇ ಕೊಡಲಿ, ಬೇರೆ ಸದ್ದು. ಭಾಗ್ಯ ಬೂದಿ ಡಬ್ಬಿಯನ್ನು ಎಸೆಯಲೂ ಹೆದರಿ ಸಿಮೆಂಟ್ ಚೀಲದಲ್ಲಿ ಸುತ್ತಿ ಮೂಲೆಗಿಟ್ಟಳು. ಆಸ್ಪತ್ರೆಯಿಂದ ಮಗು ಬಂದ ದಿನ ಚಿಕ್ಕತಾಯಮ್ಮ ಎತ್ತಿಕೊಳ್ಳಲು ಕೈ ಚಾಚಿದಾಗ, "ಮುಟ್ಬೇಡಿ" ಅಂದಳು ಭಾಗ್ಯ. ಅಷ್ಟೇ. ಆ ಮುದುಕಿ ಚಾಚಿದ ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದಳು.

ಜನವರಿಯ ಇಂಟರ್‌ವ್ಯೂಗೆ ಭಾಗ್ಯ ಹಟ ಹಿಡಿದು ಹೋದಳು. ನಾನೂ ನನ್ನ ಒಳ್ಳೆಯ ರೇಷ್ಮೆ ಉಟ್ಟು ಜೊತೆಗೆ ಹೋದೆ, ಕಾನ್ವೆಂಟ್ ಇಂಗ್ಲಿಷಿಗೆ ಏನಾದರೂ ಬೆಲೆ ಸಿಗಬಹುದು ಅಂತ. ಸಿಸ್ಟರ್ ಒಳ್ಳೆಯವರು. ಆಪಲ್ ಚಿತ್ರ ತೋರಿಸಿದರು, "ವಾಟ್ ಈಸ್ ದಿಸ್, ಬೇಬಿ?" ಸಿಂಚನ ಚಿತ್ರ ನೋಡಲಿಲ್ಲ. ಮೇಜಿನ ಮೇಲಿದ್ದ ಫೋನ್ ನೋಡಿದಳು. ಮೆಲ್ಲಗೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಭಾಗ್ಯ ನನ್ನ ಕೈ ಅಮುಕಿ ಹಿಡಿದಳು. ಆ ಫೋನಿಗೆ ಜೀವವಿತ್ತು, ಡಯಲ್ ಟೋನ್ ಬರುತ್ತಿದ್ದಿರಬೇಕು. ಮಗು ಅದನ್ನು ಬಹಳ ಹೊತ್ತು ಕೇಳಿಸಿಕೊಂಡಿತು. ಆಮೇಲೆ ರಿಸೀವರನ್ನು ಮೇಜಿನ ಅಂಚಿಗೆ ಕುಟ್ಟತೊಡಗಿತು. ಠಪ್. ಠಪ್. ಯಾರೂ ಕೇಳದಿದ್ದರೂ ಭಾಗ್ಯ, "ಎಸ್ ಸಿಸ್ಟರ್, ಥ್ಯಾಂಕ್ಯೂ ಸಿಸ್ಟರ್" ಅನ್ನುತ್ತಾ ಎದ್ದಳು.

ಬೇಸಿಗೆಗೆ ಮುಂಚೆ ಭಾಗ್ಯ ಮಗಳನ್ನು ಕರೆದುಕೊಂಡು ಬಾಗಲೂರಿನ ತವರಿಗೆ ಹೋದಳು. ಮುನಿಕೃಷ್ಣನೂ ಹಿಂದೆಯೇ ಹೋಗಿ ಅಲ್ಲಿ ಗೂಡ್ಸ್ ಗಾಡಿ ಓಡಿಸತೊಡಗಿದ. ಚಿಕ್ಕತಾಯಮ್ಮ ಒಬ್ಬಳೇ ಉಳಿದಳು. ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಬೆಳಗ್ಗೆ ಹಟ್ಟಿಯ ಕಲ್ಲಿನ ಮೇಲೆ ಕೂರುವುದು, ಏಳುವುದು. ಕೆಲವು ತಿಂಗಳ ಮೇಲೆ ಭಾಗ್ಯಳೇ ಬಂದು ಅವಳನ್ನು ಕರೆದೊಯ್ದಳು. ಹೋಗುವ ಮುಂಚೆ ಗೇಟಿನ ಹತ್ತಿರ ನಿಂತು ನನಗೆ ಹೇಳಿದಳು, "ಬಾಯಿಗೆ ಯಾರು ಕೈ ಹಾಕಿದ್ರೂ ಕಚ್ತಾಳೆ ಆಂಟಿ. ನಂದು, ಅವರಪ್ಪಂದು, ಡಾಕ್ಟ್ರದು, ಎಲ್ರ ಬೆರಳೂ ಕಚ್ಚಿದಾಳೆ. ತುತ್ತು ಇಡೋ ಹಾಗಿಲ್ಲ, ಮಾತ್ರೆ ಹಾಕೋ ಹಾಗಿಲ್ಲ. ಅತ್ತೆ ಕೈನಾದ್ರೂ ಕಚ್ಚದೆ ಬಿಡ್ತಾಳೇನೋ ನೋಡ್ಬೇಕು." ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ. ಅವಳಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ.

ನಾನು ಶೆಟ್ಟಿಹಳ್ಳಿಯ ಮನೆ ಮಾರಿ ಯಲಹಂಕಕ್ಕೆ ಬಂದ ವರ್ಷ, 2019ರಲ್ಲಿ, ಒಂದು ಬೆಳಗ್ಗೆ ಬಾಗಲೂರಿಗೆ ಬಸ್ ಹಿಡಿದು ಹೋದೆ. ಕಪ್ಪು ಫೋನನ್ನು ಚೀಲದಲ್ಲಿ ಹಾಕಿಕೊಂಡಿದ್ದೆ, ಅದನ್ನು ಸಿಂಚನಳಿಗೇ ಕೊಟ್ಟುಬಿಡೋಣ ಅಂತ. ಆಮೇಲೆ ಯಾಕೋ ಚೀಲದಿಂದ ತೆಗೆಯಲಿಲ್ಲ.

ಮನೆಯ ಮುಂದೆ ಒಂದು ಕಲ್ಲು. ಅದರ ಮೇಲೆ ಚಿಕ್ಕತಾಯಮ್ಮ. ತೊಡೆಯ ನಡುವೆ, ಅವಳಿಗಿಂತ ಎತ್ತರವಾಗಿ ಬೆಳೆದ ಹುಡುಗಿ ಮಂಡಿಯೂರಿ ಮುಖ ಮೇಲೆತ್ತಿ ಕೂತಿದ್ದಳು. ಮುದುಕಿಯನ್ನೂ ಸೀಸ ಬಿಟ್ಟಿರಲಿಲ್ಲ, ಬಲ ಮಣಿಕಟ್ಟು ಜೋತುಬಿದ್ದಿತ್ತು, ಎಡಗೈಯಿಂದ ಅದನ್ನು ಎತ್ತಿ ಹಿಡಿದು, ತೋರುಬೆರಳಿಗೆ ಬಿಳಿ ಪೇಸ್ಟ್ ಹಚ್ಚಿಕೊಂಡು ಒಂದೊಂದೇ ಹಲ್ಲು ಉಜ್ಜುತ್ತಿದ್ದಳು. "ಆ ಅನ್ನು. ಈ ಅನ್ನು." ಹುಡುಗಿ ಬಾಯಿ ತೆರೆಯುತ್ತಿದ್ದಳು, ಅನ್ನುತ್ತಿರಲಿಲ್ಲ. ಆದರೆ ಕಚ್ಚುತ್ತಲೂ ಇರಲಿಲ್ಲ.

ನಾನು ಎದುರಿಗೆ ಬಗ್ಗಿ, ಮುಷ್ಟಿಯನ್ನು ಕಿವಿಗಿಟ್ಟುಕೊಂಡು, "ನಂಬರ್ ಪ್ಲೀಸ್" ಅಂದೆ.

ಸಿಂಚನ ನನ್ನನ್ನೇ ನೋಡಿದಳು. ನೊರೆ ಗದ್ದದಿಂದ ಇಳಿಯುತ್ತಿತ್ತು.

ಚಿಕ್ಕತಾಯಮ್ಮ ನನ್ನ ಕಡೆ ತಿರುಗಲಿಲ್ಲ. "ಬಾಯ್ ತುಂಬ ನೊರೆ ಐತಲ್ಲ ಫೋನಮ್ಮೋರೆ" ಅಂದಳು, ಬೆರಳನ್ನು ಹುಡುಗಿಯ ಬಾಯಿಂದ ತೆಗೆಯದೆ. "ಇರಿ, ತೊಳ್ಕೊಂಡ್ಮೇಲೆ ಮಾತಾಡ್ತಾಳೆ."